ಬಲಗಡೆಯ ಅಂಚಿನಲ್ಲಿ ಅಮಸಿದ್ದಪ್ಪ

ತಮ್ಮ ಫೋಟೋಕ್ಕೆ ಮೊದಲನೇ ಬಹುಮಾನ ಬರಲಿದೆ ಎಂಬ ಸುದ್ದಿ ಅಮಸಿದ್ದಪ್ಪನವರಿಗೆ ತಿಳಿದದ್ದು ಒಂದು ಶುಕ್ರವಾರ, ಚಹಾದ ಹೊತ್ತಿಗೆ. ಶನಿವಾರ ಸಂಜೆಯ ಹೊತ್ತಿಗೆ ಆ ಸುದ್ದಿ ತಿಳಿಯದವರು ಜಮಖಂಡಿಯಲ್ಲಿ ಯಾರಾದರೂ ಉಳಿದಿದ್ದರೆ ಅವರು ಪರವೂರಿಗೆ ಹೋಗಿದ್ದರು ಎಂದೇ ತಿಳಿಯಬೇಕು.

ಅಮಸಿದ್ದಪ್ಪನವರು ಜಮಖಂಡಿಯ ಒಂದು ಸಣ್ಣ ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಅಪ್ಪ ಅಜ್ಜಂದಿರು ಕುರಿ ಕಾಯ್ದವರು; ಕುಲದೇವರು ಬೀರೇಶ್ವರನ ದಯೆಯಿಂದ ಇವರು ಕಡತ ಕಾಯುತ್ತಿದ್ದರು. ಕಡತ ಕುರಿಗಿಂತ ವಾಸಿ, ಬಿಟ್ಟ ಕಡೆಯೇ ಬಿದ್ದಿರುತ್ತದೆ ಎಂಬುದು ಅವರ ಅನುಭವದ ಮಾತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರನ್ನು ಯಾರೂ ಜೋರಾಗಿ ಬೈದಿರಲಿಲ್ಲ, ಹೊಗಳಿರಲೂ ಇಲ್ಲ. ಅಂಥವರ ಮುಂದೆ ಚಹಾದಂಗಡಿಯಲ್ಲಿ ರಬಕವಿಯ ಪರಮೇಶ ಬಂದು ನಿಂತ. ಹೊಟ್ಟೆಪಾಡಿಗೆ ಮದುವೆಯ ಫೋಟೋ, ಮರ್ಯಾದೆಗೆ ಕಲೆಯ ಫೋಟೋ ತೆಗೆಯುವವನು ಅವನು.

"ಸರ್ರ, ನಿಮ್ಮನ್ನ ಹುಡುಕ್ಕೋತ ಬಂದೇನಿ. ನೀವು ನನ್ನ ಫೋಟೋದಾಗ ಬಂದೀರಿ."

"ಯಾವ ಫೋಟೋ?"

"ಹಿಪ್ಪರಗಿ ಹೊಳಿ ದಂಡ್ಯಾಗ, ನಿಮ್ಮ ಕಾಕಾರ ಕುರಿ ಹಿಂಡು. ಡಿಸೆಂಬರ್ ತಿಂಗಳದಾಗ ತಗದದ್ದು. ಪ್ರದರ್ಶನಕ್ಕ ಆರಿಸ್ಯಾರ್ರಿ. ಮೊದಲನೇ ಬಹುಮಾನ ಅದಕ್ಕ ಅಂತ ಎಲ್ಲಾರೂ ಅನ್ನಾಕತ್ತಾರ."

"ಅದರಾಗ ನಾ ಅದೇನಿ?"

"ಅದೀರಿ. ಬಲಗಡೆ. ಅದಕ್ಕ ನಿಮಗ ಒಂದ ಮಾತ ಕೇಳಬೇಕಂತ..."

ಪರಮೇಶ ಕೇಳಬೇಕೆಂದಿದ್ದ ಆ ಒಂದು ಮಾತು ಅಲ್ಲಿಯೇ ಉಳಿಯಿತು. ಅಮಸಿದ್ದಪ್ಪನವರು ಆಗಲೇ ಪಕ್ಕದ ಬೆಂಚಿನವರಿಗೆ ಸುದ್ದಿ ಹೇಳುತ್ತಿದ್ದರು.

ಅವರು ಆ ದಿನ ಹೊಳೆಯ ದಂಡೆಗೆ ಹೋದ ಕಾರಣವನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಅದನ್ನು ಹೇಳುವ ಧೈರ್ಯ ಅವರಿಗೆ ಬರಲೇ ಇಲ್ಲ. ಕಚೇರಿಯ ಜಕ್ಕಪ್ಪ ಸಾಹೇಬರಿಗೆ ತಮ್ಮ ಮಾವನವರಿಗೆ ಕೊಡಲು ಕೈಮಗ್ಗದ ಅಪ್ಪಟ ಕರಿ ಕಂಬಳಿ ಬೇಕಾಗಿತ್ತು. "ನಿಮ್ಮ ಕಾಕಾ ಕುರಿ ಕಾಯ್ತಾರಲ್ಲ, ಒಂದ ಛಲೋದು ತಂದ ಕೊಡ್ರಿ" ಎಂದಿದ್ದರು. ಕಚೇರಿಯ ವೇಳೆಯಲ್ಲಿ ಹೊರಗೆ ಹೋಗುವವರು ರಜಿಸ್ಟರಿನಲ್ಲಿ ಬರೆಯಬೇಕು. ಕಂಬಳಿ ಎಂದು ಬರೆಯಲಾದೀತೇ? "ಮುಧೋಳ ಕಚೇರಿಗೆ, ಕಡತ ಸಂಬಂಧ" ಎಂದು ಬರೆದರು. ಸಾಹೇಬರು ಹಸಿರು ಶಾಯಿಯಲ್ಲಿ ಸಹಿ ಹಾಕಿದರು. ಅದು ೨೦೦೮ನೇ ಇಸವಿ, ಡಿಸೆಂಬರ್ ಹದಿನಾರು, ಮಂಗಳವಾರ.

ಮನೆಯಲ್ಲಿ ಹೆಂಡತಿ ಸುಂದರವ್ವ ಸುದ್ದಿ ಕೇಳಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಫೋಟೋದಾಗ ನೀವ ಒಬ್ಬರ ಅದೀರೋ, ಕುರಿನೂ ಅದಾವೋ?"

"ಕುರಿನೂ ಅದಾವ."

"ಹಂಗಾದ್ರ ಬಹುಮಾನ ಯಾರಿಗಂತ ಸರಿಯಾಗಿ ಕೇಳ್ಕೊಂಡ ಬರ್ರಿ."

ಇಂಥ ಮಾತಿಗೆಲ್ಲ ಕಿವಿಗೊಡುವ ಸ್ಥಿತಿಯಲ್ಲಿ ಅಮಸಿದ್ದಪ್ಪನವರು ಇರಲಿಲ್ಲ. ಭಾನುವಾರ ಮದುವೆಯ ಕೋಟು ಹೊರಗೆ ಬಂತು. ಗುಂಡಿ ಹತ್ತಲಿಲ್ಲ, ಉಸಿರು ಹಿಡಿದರೆ ಹತ್ತುತ್ತಿತ್ತು. ಹೆಂಡತಿ, ಪಕ್ಕದ ಮನೆಯ ತಾರವ್ವ, ಕಚೇರಿಯ ಜವಾನ ಈರಪ್ಪ, ಹಿಪ್ಪರಗಿಯಿಂದ ಕರೆಸಿದ್ದ ಚಿಕ್ಕಪ್ಪ ಯಮನಪ್ಪ ಕಾಕಾ, ಇಷ್ಟು ಜನರ ಮೆರವಣಿಗೆಯೊಂದಿಗೆ ಅವರು ಪ್ರದರ್ಶನ ನಡೆದಿದ್ದ ಸಭಾಂಗಣವನ್ನು ಹೊಕ್ಕರು. ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿಯಾಗಿ ಜಕ್ಕಪ್ಪ ಸಾಹೇಬರೇ ಕುಳಿತಿದ್ದರು. ಸಂಘಟಕರಿಗೆ ಒಬ್ಬ ಅಧಿಕಾರಿ ಬೇಕಾಗಿತ್ತು, ಸಾಹೇಬರಿಗೆ ಒಂದು ಹಾರ ಬೇಕಾಗಿತ್ತು.

ಫೋಟೋ ನಾಲ್ಕು ಅಡಿ ಅಗಲವಿತ್ತು. ಇಳಿಬಿಸಿಲು, ಬಂಗಾರದ ಪುಡಿಯಂಥ ಧೂಳು, ಎಡಕ್ಕೆ ಕೋಲು ಹಿಡಿದ ಯಮನಪ್ಪ, ಅವನ ಮುಂದೆ ಇನ್ನೂರು ಕುರಿ ಹೊಳೆಯ ಕಡೆಗೆ ಬಾಗಿ ತಿರುಗುತ್ತಿದ್ದವು. ಬಲಗಡೆಯ ಅಂಚಿನಲ್ಲಿ ಹೆಬ್ಬೆರಳಿನಷ್ಟು ಎತ್ತರದ ಒಂದು ಆಕೃತಿ. ಮುಖ ಮಸಕು. ಕಂಕುಳಲ್ಲಿ ಕರಿ ಗಂಟು.

"ಇದ ನೀವು?" ಎಂದಳು ಸುಂದರವ್ವ.

"ನಾನ."

"ಹೌದು ಬಿಡ್ರಿ. ನಮ್ಮನಿ ಬಾಗಲದಾಗೂ ಹಿಂಗ ನಿಂದರ್ತೀರಿ."

ತೀರ್ಪುಗಾರರು ಧಾರವಾಡದ ಶಿವಯೋಗೆಪ್ಪ ಮಾಸ್ತರರು. ಮೂವತ್ತು ವರ್ಷ ಚಿತ್ರಕಲೆ ಕಲಿಸಿ ನಿವೃತ್ತರಾದವರು; ನಿವೃತ್ತರಾದ ಮೇಲೂ ಕಲಿಸುವುದನ್ನು ನಿಲ್ಲಿಸಿದವರಲ್ಲ. ಕೈಯಲ್ಲಿ ಬೆತ್ತ ಹಿಡಿದು ಫೋಟೋದ ಮುಂದೆ ನಿಂತರು.

"ಫೋಟೋಕ್ಕ ಜೀವ ಅಂದ್ರ ಕಾಂಪೊಸಿಷನ್. ಯಾವುದು ಎಲ್ಲಿ ಇರಬೇಕೋ ಅದು ಅಲ್ಲೇ ಇರೋದು. ನೋಡ್ರಿ, ಕಣ್ಣು ಮೊದಲು ಮುದುಕನ ಕಡೆ ಹೋಗತದ. ಅಲ್ಲಿಂದ ಕೋಲಿನಗುಂಟ ಕುರಿ ಮ್ಯಾಲೆ ಇಳೀತದ. ಕುರಿ ಕಮಾನಿನಂಗ ಬಾಗಿ ಹೊಳಿ ಕಡೆ ಹೊಳ್ಳ್ಯಾವ. ಈ ತಿರುವು ಅದಲ್ಲ, ಇದನ್ನ ಯಾವ ಕಲಾಕಾರನೂ ಮಾಡಾಕ ಆಗಂಗಿಲ್ಲ. ಇದು ದೇವರು ಕೊಟ್ಟದ್ದು. ಆದ್ರ..."

ಆ "ಆದ್ರ" ಸಭೆಗೆಲ್ಲ ಕೇಳಿಸಿತು. ಅಮಸಿದ್ದಪ್ಪನವರಿಗೆ ಮಾತ್ರ ಕೇಳಿಸಲಿಲ್ಲ. ಎದ್ದು ನಿಲ್ಲಬೇಕಾಗಬಹುದೆಂದು ಅವರು ಉಸಿರು ಹಿಡಿದು ಗುಂಡಿ ಹಾಕಿಕೊಳ್ಳುತ್ತಿದ್ದರು.

"ಆದ್ರ ಈ ಬಲಗಡೆ ಅಂಚಿಗೆ ಬರ್ರಿ." ಬೆತ್ತದ ತುದಿ ಅಮಸಿದ್ದಪ್ಪನವರ ಹೊಟ್ಟೆಯ ಮೇಲೆ ಬಂದು ನಿಂತಿತು. "ಇಲ್ಲೊಂದು ಏನೋ ನಿಂತದ. ಕಂಬ ಅನ್ನೋಣಂದ್ರ ಕಂಬ ಅಲ್ಲ. ಮನುಷ್ಯಾ ಅನ್ನೋಣಂದ್ರ ಮನಸು ಬರವಲ್ದು. ಕಂಕುಳದಾಗ ಕರ್ರಗ ಒಂದು ಗಡ್ಡಿ. ಪಾಪ, ಕಣ್ಣು ಇಷ್ಟು ಚಂದ ಹರಕೋತ ಬಂದು ಇಲ್ಲಿ ಎಡವಿ ಬೀಳತದ. ಇದೊಂದು ಇರಲಿಲ್ಲಂದ್ರ ಈ ಫೋಟೋ ಲಂಡನ್ನಿಗೆ ಹೋಗತಿತ್ತು."

ಆ ಕ್ಷಣದಲ್ಲಿ ಸುಮ್ಮನೆ ಕುಳಿತಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಗುಂಡಿ ಆಗಷ್ಟೇ ಹತ್ತಿತ್ತು. ಅಮಸಿದ್ದಪ್ಪನವರು ಎದ್ದು ನಿಂತರು.

"ಸರ, ಅದು ನಾನ್ರಿ."

ಸಭೆ ಹಿಂದಕ್ಕೆ ಹೊರಳಿತು. ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಒಮ್ಮೆ ಫೋಟೋ, ಒಮ್ಮೆ ಮನುಷ್ಯನನ್ನು ನೋಡಿದರು.

"ನೀವು ಅಲ್ಲಿ ಯಾಕ ನಿಂತಿದ್ರಿ?"

ಪ್ರಶ್ನೆ ಸರಳವಾಗಿತ್ತು. ಆದರೆ ಫೋಟೋದ ಕೆಳಗೆ "೧೬ ಡಿಸೆಂಬರ್ ೨೦೦೮, ಸಂಜೆ ೪.೧೦" ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು, ಮತ್ತು ಮುಂದಿನ ಸಾಲಿನಲ್ಲಿ ಕಂಬಳಿ ತರಿಸಿಕೊಂಡವರೇ ಹಾರ ಹಾಕಿಕೊಂಡು ಕುಳಿತಿದ್ದರು. ಸಾಹೇಬರು ಕೆಮ್ಮಿದರು. ಆ ಕೆಮ್ಮಿನ ಅರ್ಥ ಇಪ್ಪತ್ತಾರು ವರ್ಷದ ನೌಕರಿಯವರಿಗೆ ತಿಳಿಯದೇ ಇರುತ್ತದೆಯೇ?

"ಸುಮ್ನ ನಿಂತಿದ್ದೆರಿ."

"ಸುಮ್ನ?"

"ಸುಮ್ನ."

ಮಾಸ್ತರರು ಸಭೆಯ ಕಡೆ ತಿರುಗಿದರು. "ನೋಡ್ರಿ. ಕಲಾಕ್ಕ ದೊಡ್ಡ ವೈರಿ ಯಾರು ಅಂದ್ರ, ಸುಮ್ನ ನಿಂತಾಂವ!"

ಚಪ್ಪಾಳೆ ಬಿತ್ತು. ಅಭ್ಯಾಸಬಲದಿಂದ ಅಮಸಿದ್ದಪ್ಪನವರೂ ಎರಡು ಸಲ ತಟ್ಟಿದರು. ಪರಮೇಶನ ಫೋಟೋಕ್ಕೆ ಎರಡನೇ ಬಹುಮಾನ ಬಂತು.

ಸೋಮವಾರ ಬೆಳಿಗ್ಗೆಯ ಹೊತ್ತಿಗೆ "ಕಾಂಪೊಸಿಷನ್" ಎಂಬ ಶಬ್ದ ಜಮಖಂಡಿಯ ಆಡುಮಾತಾಗಿತ್ತು. ಹಾಲಿನ ಸಾಲಿನಲ್ಲಿ ನಿಂತರೆ "ಸರ್ರ, ಸ್ವಲ್ಪ ಹಿಂದ ಸರೀರಿ, ಕಾಂಪೊಸಿಷನ್ ಕೆಡತೈತಿ" ಎಂದರು. ಕ್ಷೌರದ ಅಂಗಡಿಯವನು ಕನ್ನಡಿಯನ್ನೇ ಆ ಕಡೆ ಈ ಕಡೆ ವಾಲಿಸಿ ನೋಡಿದ. ಕಚೇರಿಯಲ್ಲಿ ನಿವೃತ್ತರಾಗುತ್ತಿದ್ದ ಒಬ್ಬರ ಬೀಳ್ಕೊಡುಗೆಗೆ ಎಲ್ಲರೂ ಫೋಟೋಕ್ಕೆ ನಿಂತಾಗ ಈರಪ್ಪನೇ, ತಾನು ಮಾಡಿದ ಚಹಾಕ್ಕಿಂತಲೂ ತಣ್ಣಗಿನ ದನಿಯಲ್ಲಿ, "ಸರ್ರ, ನೀವು ಬ್ಯಾಗ ನೋಡ್ಕೋರಿ" ಎಂದ. ಬಾಯಿಂದ ಬಾಯಿಗೆ ಹೋಗುತ್ತ ಶಬ್ದ ಸವೆಯಿತು. ಮೂರನೇ ಓಣಿಯನ್ನು ಮುಟ್ಟುವಷ್ಟರಲ್ಲಿ, ಅಮಸಿದ್ದಪ್ಪನವರು ಯಾರದೋ ಕಂಪೌಂಡ್ ಕೆಡವಿದ್ದಾರೆ ಎಂದಾಯಿತು. ತಾರವ್ವನ ಗಂಡ ಬಂದು, "ಗ್ವಾಡಿ ಪೂರಾ ಬಿತ್ತೇನ್ರಿ, ಅರ್ಧಾ ಬಿತ್ತೇನ್ರಿ? ಪೋಲೀಸರು ಬಂದ್ರ ನಾವು ನಿಮ್ಮ ಕಡೆ ಅದೀವಿ" ಎಂದು ಧೈರ್ಯ ಹೇಳಿ ಹೋದ.

ಬುಧವಾರ ಸಾಹೇಬರು ಒಳಗೆ ಕರೆದರು. ಮೇಜಿನ ಮೇಲೆ ಮಾಹಿತಿ ಹಕ್ಕಿನ ಒಂದು ಅರ್ಜಿಯಿತ್ತು. ವಾರಕ್ಕೊಂದು ಮಾಹಿತಿ ಕೇಳದಿದ್ದರೆ ಊಟ ಸೇರದ ಮಹಾನುಭಾವರೊಬ್ಬರು ಊರಲ್ಲಿದ್ದರು. ಅವರೂ ಪ್ರದರ್ಶನ ನೋಡಿದ್ದರು. ಅವರ ಪ್ರಶ್ನೆ ಮೂರು: ಸದರಿ ದಿನಾಂಕದಂದು ಸದರಿ ಗುಮಾಸ್ತರು ಎಲ್ಲಿದ್ದರು? ಯಾರ ಅನುಮತಿಯಿಂದ ಇದ್ದರು? ಕಂಕುಳಲ್ಲಿರುವ ಕಪ್ಪು ವಸ್ತು ಏನು?

"ಅಮಸಿದ್ದಪ್ಪ, ರಜಿಸ್ಟರ್ ಪ್ರಕಾರ ನೀವು ಮುಧೋಳದಾಗ ಅದೀರಿ. ಫೋಟೋ ಪ್ರಕಾರ ಹಿಪ್ಪರಗ್ಯಾಗ ಅದೀರಿ. ಒಬ್ಬ ಮನುಷ್ಯಾ ಎರಡು ಕಡೆ ಹೆಂಗ ಇರ್ತಾನ?"

"ಸಾಹೇಬ್ರ, ನೀವ ಕಳಿಸಿದ್ರಿ..."

"ನಾ ಕಂಬಳಿ ತರ್ರಿ ಅಂದೆ. ಫೋಟೋ ತಗಸ್ಕೋರಿ ಅಂದಿದ್ನೇನು?"

ಸಾಹೇಬರು ಒಂದು ಕಾಗದವನ್ನು ಮುಂದೆ ತಳ್ಳಿದರು. ಕಾರಣ ಕೇಳುವ ನೋಟೀಸು. ಸಮಾಧಾನಕರ ಉತ್ತರ ಬಾರದಿದ್ದಲ್ಲಿ ಅಮಾನತು. ಇಂಥ ನೋಟೀಸುಗಳನ್ನು ಅಮಸಿದ್ದಪ್ಪನವರು ಎಷ್ಟೋ ಸಲ ಟೈಪು ಮಾಡಿದ್ದರು. ಓದಿ ನೋಡಿದ್ದು ಇದೇ ಮೊದಲು.

"ನನಗೂ ಕೆಟ್ಟ ಅನಸತೈತಿ" ಎಂದರು ಸಾಹೇಬರು. "ಒಂದ ದಾರಿ ಐತಿ. ಆ ಫೋಟೋದಾಗಿಂದ ಹೊರಗ ಬರ್ರಿ. ಗ್ವಾಡಿ ಮ್ಯಾಲಿಂದು ನಾ ನೋಡ್ಕೋತೇನಿ."

ಗೋಡೆಯ ಮೇಲಿನ ಫೋಟೋವನ್ನು ಸಾಹೇಬರು "ಕಲೆಗೆ ಪ್ರೋತ್ಸಾಹ" ಎಂದು ಕೊಂಡು, ಈರಪ್ಪನಿಂದ ಹೊರಿಸಿ, ಕಚೇರಿಯ ಹಳೆಯ ಕಡತಗಳ ಕೋಣೆಯಲ್ಲಿ ಇಡಿಸಿದರು. ಆ ಕೋಣೆಯೊಳಗೆ ಹೋದ ವಸ್ತು ಮರಳಿ ಬಂದ ಉದಾಹರಣೆ ಯಾರ ನೆನಪಿನಲ್ಲಿಯೂ ಇರಲಿಲ್ಲ.

ಮರುದಿನ ಅಮಸಿದ್ದಪ್ಪನವರು ರಬಕವಿಗೆ ಹೋದರು. ಪರಮೇಶನ ಸ್ಟುಡಿಯೋದ ಹಿಂದೆಯೇ ಮಗ್ಗಗಳ ಕಾರ್ಖಾನೆ. ಗೋಡೆ ಸದಾ ನಡುಗುತ್ತಿತ್ತು. ಒಂದು ಪ್ರತಿ ಒಯ್ಯಲೆಂದು ಯಮನಪ್ಪ ಕಾಕಾನೂ ಬಂದು ಕುಳಿತಿದ್ದ. ವಿಷಯ ಕೇಳಿ ಪರಮೇಶನ ಮುಖ ಅರಳಿತು.

"ಅಯ್ಯೋ ಸರ್ರ, ಅವತ್ತ ಚಹಾದಂಗಡ್ಯಾಗ ಇದನ್ನ ಕೇಳಾಕ ಬಂದಿದ್ದೆ ನಾ! ಅಂಚು ಕತ್ತರಿಸಿದ್ರ ಮುಂದಿನ ಕುರಿನೂ ಹೋಗತಾವ, ಅದಕ್ಕ ಅಳಿಸಬೇಕು. ಕಾಲಿಂದ ಸುರು ಮಾಡ್ಲೋ, ತಲಿಯಿಂದೋ?"

"ನಿನಗ ಹೆಂಗ ಅನುಕೂಲೋ ಹಂಗ."

ಪರಮೇಶ ಕಾಲಿನಿಂದ ಶುರು ಮಾಡಿದ. ಕಂಪ್ಯೂಟರಿನ ಪರದೆಯಲ್ಲಿ ಚಪ್ಪಲಿ ಹೋಯಿತು, ಅಲ್ಲಿ ಹುಲ್ಲು ಬಂತು. ಮೊಳಕಾಲು ಹೋಯಿತು, ಹೊಳೆಯ ನೀರು ಬಂತು. ಕಂಬಳಿ ಹೋಯಿತು. ಹೊಟ್ಟೆಗೆ ಸ್ವಲ್ಪ ಹೆಚ್ಚು ಸಮಯ ಹಿಡಿಯಿತು. ಕೊನೆಗೆ ತಲೆಯೊಂದೇ ಆಕಾಶದಲ್ಲಿ ತೇಲುತ್ತಿದ್ದಾಗ ಪರಮೇಶನಿಗೆ ಮೊಬೈಲ್ ಬಂತು. ಯಾವುದೋ ಮದುವೆಯ ಆಲ್ಬಮ್ಮಿನ ಜಗಳ. ಇಪ್ಪತ್ತು ನಿಮಿಷ ಅವನು ಹೊರಗೆ ನಿಂತು ಮಾತಾಡಿದ. ಅಷ್ಟು ಹೊತ್ತೂ ಅಮಸಿದ್ದಪ್ಪನವರು ತಮ್ಮ ತಲೆಯನ್ನು ನೋಡುತ್ತ ಕುಳಿತರು. ಅದೂ ಅವರನ್ನೇ ನೋಡುತ್ತಿದ್ದಂತಿತ್ತು. ಆಮೇಲೆ ಪರಮೇಶ ಬಂದು ಅದನ್ನೂ ಒರೆಸಿದ.

"ಆತ್ರಿ. ಹೆಂಗೈತಿ?"

ಯಮನಪ್ಪ ಪರದೆಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದ. ಫೋಟೋಕ್ಕಿಂತ ಕುರಿಯನ್ನು ಹೆಚ್ಚು ನೋಡಿದ ಕಣ್ಣು.

"ತಮ್ಮಾ, ಈ ಕುರಿ ಯಾಕ ಹೊಳ್ಳ್ಯಾವ?"

"ಯಾಕಂದ್ರ? ಕುರಿ ಹೊಳ್ಳತಾವ ಅಜ್ಜಾ."

"ಸುಮ್ಮ ಸುಮ್ಮನ ಹೊಳ್ಳಂಗಿಲ್ಲ. ಮುಂದ ಹಸರ ಕಬ್ಬಿತ್ತು. ಕಬ್ಬ ಬಿಟ್ಟು ಹೊಳಿ ಕಡೆ ಹೋಗಾಕ ಅವಕ್ಕೇನು ಹುಚ್ಚ? ಇಂವ ಅಲ್ಲಿ ಕರಿ ಕಂಬಳಿ ಹಿಡಕೊಂಡ ನಿಂತಿದ್ದ. ಇವನ್ನ ಕಂಡು ಬೆದರಿ ಹೊಳ್ಳಿದ್ವು. ಇಂವ ಇರಲಿಲ್ಲಂದ್ರ ಅವತ್ತ ಕಬ್ಬಿನ ಹೊಲದಾಂವ ನನ್ನ ಕಟ್ಟಿ ಹಾಕ್ತಿದ್ದ."

ಅಮಸಿದ್ದಪ್ಪನವರು ಕುರ್ಚಿಯಿಂದ ಮೆಲ್ಲನೆ ಎದ್ದರು. ಯಾವ ಕಲಾಕಾರನೂ ಮಾಡಲಾರದ ತಿರುವು. ದೇವರು ಕೊಟ್ಟದ್ದೆಂದು ಬೆತ್ತ ಹಿಡಿದು ಹೊಗಳಿದ ತಿರುವು. ಅದನ್ನು ಕೊಟ್ಟವರು ಜಮಖಂಡಿಯ ಗುಮಾಸ್ತರಾದ ಅಮಸಿದ್ದಪ್ಪನವರು!

"ಪರಮೇಶಾ, ಹೊಳ್ಳಿ ಹಾಕು ನನ್ನ."

"ಸೇವ್ ಮಾಡಿಬಿಟ್ಟೆನ್ರಿ."

"ಮೊದಲಿಂದು ಇರಬೇಕಲ್ಲ?"

"ಅದರ ಮ್ಯಾಲೇನ ಸೇವ್ ಆತ್ರಿ."

ಅಲ್ಲಿಗೆ ಅಮಸಿದ್ದಪ್ಪನವರು ಭೂಮಿಯ ಮೇಲೆ ಒಂದೇ ಒಂದು ಕಡೆ, ಬೀಗ ಹಾಕಿದ ಕೋಣೆಯಲ್ಲಿ, ಗೆದ್ದಲಿನ ಜೊತೆಗೆ ಉಳಿದರು.

ಮೂರು ವಾರದ ನಂತರ ಬಾಗಲಕೋಟೆಯ ನವನಗರದಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆಯ ಮೊದಲ ಸುತ್ತು. ಶಿವಯೋಗೆಪ್ಪ ಮಾಸ್ತರರ ಜೊತೆಗೆ ಈ ಸಲ ಬೆಂಗಳೂರಿನಿಂದ ರೇಷ್ಮಾ ಮೇಡಂ ಎಂಬ ದೊಡ್ಡ ತೀರ್ಪುಗಾರ್ತಿ ಬಂದಿದ್ದರು. ಪರಮೇಶ ಅಳಿಸಿದ ಫೋಟೋ ಹಿಡಿದು ಹೋದವನು ಸಂಜೆ ನೇರ ಅಮಸಿದ್ದಪ್ಪನವರ ಮನೆಗೆ ಬಂದ. ಬಂದವನೇ ಕಾಲು ಹಿಡಿದ.

"ಸರ್ರ, ಮೇಡಂ ಏನಂದ್ರು ಗೊತ್ತೇನ್ರಿ? ಎಲ್ಲಾ ಚಂದ ಐತಿ, ಬಲಗಡೆ ತೀರಾ ಖಾಲಿ ಆತು, ಅಲ್ಲೊಬ್ಬ ಸಣ್ಣ ಮನುಷ್ಯಾ ನಿಂತಿದ್ರ ಫೋಟೋಕ್ಕ ತೂಕ ಬರತಿತ್ತು ಅಂದ್ರು!"

"ಮಾಸ್ತರರು?"

"ನಾನೂ ಮೊದಲಿಂದ ಅದನ್ನ ಅನ್ನಾಕತ್ತೇನಿ ಅಂದ್ರು. ಅದ ಹೊತ್ತಿಂದು ಇನ್ನೊಂದು ಫೋಟೋ ಐತಿ, ಅದರಾಗ ಮನುಷ್ಯಾ ಅದಾನ ಅಂತ ಹೇಳಿ ಬಂದೇನಿ. ಕೊನೇ ಸುತ್ತಿಗೆ ಹದಿನೈದು ದಿನ ಐತಿ. ಸ್ಟುಡಿಯೋಕ್ಕ ಬಂದು ನಿಂದರ್ರಿ ಸರ್ರ. ನಿಮ್ಮನ್ನ ತಗದು ಅಲ್ಲಿ ಹಚ್ಚತೇನಿ."

ನೋಟೀಸಿಗೆ "ಫೋಟೋದಲ್ಲಿ ನಾನಿಲ್ಲ, ಪ್ರತಿ ಲಗತ್ತಿಸಿದೆ" ಎಂದು ಉತ್ತರ ಕೊಟ್ಟು ಎಂಟು ದಿನವೂ ಆಗಿರಲಿಲ್ಲ. ಬುದ್ಧಿಯಿದ್ದವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಮಸಿದ್ದಪ್ಪನವರು ಕೋಟು ಕೇಳಿದರು.

ಸುಂದರವ್ವ ಕೋಟನ್ನು ಕೊಡುತ್ತಲೇ ಹೇಳಿದಳು: "ಹೋದ ಸಲ ಅಳಿಸ್ಕೊಂಡ ಬಂದ್ರಿ, ಈ ಸಲ ಹಚ್ಚಿಸ್ಕೋಳಾಕ ಹೊಂಟ್ರಿ. ನೀವು ಮನುಷ್ಯಾರೋ, ಗ್ವಾಡಿಗೆ ಹೊಡ್ಯೂ ಸುಣ್ಣೋ? ನೌಕರಿ ಹೋದ್ರ ಫೋಟೋ ಅನ್ನಾ ಹಾಕತೈತೇನು?"

"ನಿನಗ ತಿಳ್ಯಂಗಿಲ್ಲ. ಆ ತಿರುವು ನಂದು."

"ಯಾವ ತಿರುವು?"

"ಕುರಿದು."

ಆ ರಾತ್ರಿ ಸುಂದರವ್ವ ತಾರವ್ವನ ಮುಂದೆ, "ಇವರಿಗೆ ತಲಿ ತಿರಗೇತಿ, ಅದನ್ನ ಕುರಿ ಮ್ಯಾಲೆ ಹಾಕಾಕತ್ತಾರ" ಎಂದು ಕಣ್ಣೊರೆಸಿಕೊಂಡಳು.

ಸ್ಟುಡಿಯೋದಲ್ಲಿ ಹೊಸ ತೊಂದರೆ. ಹೊಳೆಯ ದಂಡೆಯಲ್ಲಿ ಸುಮ್ಮನೆ ನಿಂತಿದ್ದ ಮನುಷ್ಯನಿಗೆ ಈಗ ಸುಮ್ಮನೆ ನಿಲ್ಲಲು ಬರುತ್ತಿರಲಿಲ್ಲ. ಒಮ್ಮೆ ಎದೆಯುಬ್ಬಿಸಿ ನಿಂತರು, ಒಮ್ಮೆ ದೂರಕ್ಕೆ ದೃಷ್ಟಿ ನೆಟ್ಟರು, ಒಮ್ಮೆ ಕುರಿಗಳನ್ನು ಆಶೀರ್ವದಿಸುವಂತೆ ಕೈಯೆತ್ತಿದರು. "ಸುಮ್ನ ನಿಂದರ್ರಿ ಸರ್ರ" ಎಂದು ಪರಮೇಶ ಅಂಗಲಾಚಿದ. "ನಿಂತೇನಲ್ಲೋ" ಎಂದು ಇವರು ಬೆವರಿದರು. ಐವತ್ತು ಫೋಟೋ ತೆಗೆದು, ಇದ್ದುದರಲ್ಲಿ ಕಡಿಮೆ ಕೆಟ್ಟದ್ದನ್ನು ಆರಿಸಿ, ಪರಮೇಶ ಅದನ್ನು ಹೊಳೆಯ ದಂಡೆಯ ಮೇಲೆ ಅಂಟಿಸಿದ.

ಕೊನೆಯ ಸುತ್ತಿಗೆ ಯಮನಪ್ಪ ಕಾಕಾನನ್ನೂ ಕರೆದುಕೊಂಡು ಬಸ್ಸು ಹತ್ತಿದರು. ಬೀಳಗಿ ಹಿಂದೆ ಬಿತ್ತು, ಅನಗವಾಡಿ ಬಂತು. ಸೇತುವೆಯ ಎರಡೂ ಕಡೆ ಕಣ್ಣು ಮುಟ್ಟುವವರೆಗೆ ಆಣೆಕಟ್ಟಿನ ಹಿನ್ನೀರು. ತೀರ್ಪು ಕೊಡುವಾಗ ತಾವು ಆಡಬೇಕಾದ ಮಾತನ್ನು ಅಮಸಿದ್ದಪ್ಪನವರು ಬಾಯಿಪಾಠ ಮಾಡುತ್ತಿದ್ದರು: ಮಾನ್ಯರೇ, ಕುರಿಗಳು ತಿರುಗಿದ್ದು ನನ್ನಿಂದ. ಒಂದೇ ಸಾಲು. ಅದಕ್ಕಿಂತ ಹೆಚ್ಚು ಅವರು ಜೀವನದಲ್ಲಿ ಏನನ್ನೂ ಕೇಳಿರಲಿಲ್ಲ.

ರೇಷ್ಮಾ ಮೇಡಂ ಫೋಟೋದ ಮುಂದೆ ಬಂದು ನಿಂತರು. ಹತ್ತಿರ ಹೋದರು. ಹಿಂದೆ ಸರಿದರು. ಪರಮೇಶ ಕಣ್ಣು ಮುಚ್ಚಿಕೊಂಡ.

"ಮುದುಕನ ನೆರಳು ಎಡಕ್ಕೆ ಬಿದ್ದಿದೆ" ಎಂದರು ಮೇಡಂ. "ಕುರಿಗಳ ನೆರಳೂ ಎಡಕ್ಕೆ ಬಿದ್ದಿದೆ. ಹುಲ್ಲಿಗೂ ನೆರಳಿದೆ. ಈ ಮನುಷ್ಯನ ನೆರಳು ಎಲ್ಲಿ?"

ಪರಮೇಶ ಕಣ್ಣು ತೆರೆಯಲಿಲ್ಲ.

"ಇದು ಮೋಸದ ಚಿತ್ರ. ಈ ಮನುಷ್ಯ ಅಲ್ಲಿ ಇರಲೇ ಇಲ್ಲ. ಆಮೇಲೆ ಅಂಟಿಸಿದ್ದಾರೆ."

ಅಮಸಿದ್ದಪ್ಪನವರು ಜನರನ್ನು ಸರಿಸಿಕೊಂಡು ಮುಂದೆ ಬಂದರು. ಬಾಯಿಪಾಠ ಮಾಡಿದ ಸಾಲು ಮರೆತುಹೋಗಿತ್ತು.

"ಇದ್ದೆರಿ ಮೇಡಂ! ನಾ ಖರೇನ ಇದ್ದೆ!"

"ಹಾಗಾದರೆ ನಿಮ್ಮ ನೆರಳು ಎಲ್ಲಿ ಹೋಯಿತು?"

"ಅದು... ಅಳಿಸುವಾಗ ಹೋತ್ರಿ. ಮೊದಲ ನಾ ಇದ್ದೆ, ಆಮ್ಯಾಲೆ ಅಳಿಸಿದ್ರು, ಆಮ್ಯಾಲೆ ಹಚ್ಚಿದ್ರು. ಮಾಸ್ತರ್ರ, ನೀವರ ಹೇಳ್ರಿ! ನೀವ ನೋಡೀರಿ ನನ್ನ. ಹೊಟ್ಟಿ ಮ್ಯಾಲೆ ಬೆತ್ತ ಇಟ್ಟ ತೋರಿಸೀರಿ!"

ಶಿವಯೋಗೆಪ್ಪ ಮಾಸ್ತರರು ಒಮ್ಮೆ ಮೇಡಂ ಮುಖ ನೋಡಿದರು, ಒಮ್ಮೆ ಛಾವಣಿ ನೋಡಿದರು.

"ಅವತ್ತ ಅಲ್ಲೊಂದು ಏನೋ ಇತ್ತು, ಖರೆ. ನಾ ಅದನ್ನ ಕಂಬ ಅಂತ ತಿಳಕೊಂಡಿದ್ದೆ."

"ಇಂವ ಇದ್ದನ್ರಿ ಅವ್ವಾರ" ಎಂದ ಯಮನಪ್ಪ ಹಿಂದಿನಿಂದ. "ನನ್ನ ಕುರಿ ಕೇಳ್ರಿ ಬೇಕಾದ್ರ."

ಮೇಡಂ ತಿರುಗಿ ನೋಡಿದರು. ಅವರ ಮುಖ ಹೂವಿನಂತಾಯಿತು. "ಅಯ್ಯೋ, ಫೋಟೋದಲ್ಲಿರುವ ಅಜ್ಜ ನೀವೇನಾ? ಎಷ್ಟು ಚೆನ್ನಾಗಿ ಬಂದಿದ್ದೀರಿ!" ಎಂದು ಯಮನಪ್ಪನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಅಮಸಿದ್ದಪ್ಪನವರನ್ನು ಯಾರೋ ತೋಳು ಹಿಡಿದು ನಯವಾಗಿ ಆಚೆ ಸರಿಸಿದರು.

ಪರಮೇಶನಿಗೆ ಮೂರು ವರ್ಷ ಯಾವ ಸ್ಪರ್ಧೆಗೂ ಬರಕೂಡದೆಂದು ತೀರ್ಪಾಯಿತು. ಹಿಂದಿರುಗುವ ಬಸ್ಸಿನಲ್ಲಿ ಅವನು ಅಮಸಿದ್ದಪ್ಪನವರ ಪಕ್ಕದ ಸೀಟು ಖಾಲಿ ಇದ್ದರೂ ಜಮಖಂಡಿಯವರೆಗೆ ನಿಂತೇ ಬಂದ.

ಮರುದಿನ ಪತ್ರಿಕೆಯಲ್ಲಿ ಸಣ್ಣ ಸುದ್ದಿಯಿತ್ತು. ಬಹುಮಾನದ ಆಸೆಗೆ ಹೊಳೆಯ ದಂಡೆಯ ಚಿತ್ರದಲ್ಲಿ ಅಲ್ಲಿಲ್ಲದ ವ್ಯಕ್ತಿಯನ್ನು ಸೇರಿಸಿದ್ದನ್ನು ತಜ್ಞರು ಪತ್ತೆ ಹಚ್ಚಿದರು ಎಂದು. ಈ ಸುದ್ದಿಯಿಂದ ಜಿಲ್ಲೆಯಲ್ಲಿ ಒಬ್ಬರಿಗೆ ಮಾತ್ರ ಪರಮಾನಂದವಾಯಿತು. ಜಕ್ಕಪ್ಪ ಸಾಹೇಬರು ಅದನ್ನು ಕತ್ತರಿಸಿ ಕಡತಕ್ಕೆ ಅಂಟಿಸಿ, ಅಮಸಿದ್ದಪ್ಪನವರನ್ನು ಕರೆದು ಕುರ್ಚಿ ಕೊಟ್ಟರು. ಇಪ್ಪತ್ತಾರು ವರ್ಷದಲ್ಲಿ ಸಾಹೇಬರ ಕೋಣೆಯಲ್ಲಿ ಅವರು ಕುಳಿತದ್ದು ಅದೇ ಮೊದಲು.

"ಗೆದ್ವಿ ಅಮಸಿದ್ದಪ್ಪ! ತಜ್ಞರ ಹೇಳ್ಯಾರ, ನೀವು ಅಲ್ಲಿ ಇರಲೇ ಇಲ್ಲ ಅಂತ. ಅರ್ಜಿ ಹಾಕಿದಾಂವಗ ಈ ಪೇಪರ್ ಸಾಕು. ನೋಟೀಸ್ ವಾಪಸ್. ಇಲ್ಲೊಂದ ಹೇಳಿಕಿ ಬರಸೇನಿ, ಸಹಿ ಮಾಡ್ರಿ, ಕಡತ ಮುಗಿಸೋಣ. ಫೋಟೋದಾಗಿನ ಎರಡನೇದಾಂವ ನಿಮ್ಮ ಕಾಕಾ ಅಲ್ಲ? ಸಾಕ್ಷಿಗೆ ಅವರದೂ ಹೆಬ್ಬಟ್ಟ ಬೇಕು."

ಯಮನಪ್ಪನನ್ನು ಕರೆಸಿದರು. ಅವನು ಕೋಲನ್ನು ಬಾಗಿಲಲ್ಲಿ ಇಟ್ಟು ಒಳಗೆ ಬಂದ. ಈರಪ್ಪ ಹೇಳಿಕೆಯನ್ನು ಗಟ್ಟಿಯಾಗಿ ಓದಿದ: ಸದರಿ ದಿನ ಸದರಿ ವೇಳೆಗೆ ನಾನು ಹಿಪ್ಪರಗಿಯ ಹೊಳೆಯ ದಂಡೆಯಲ್ಲಿ ಇರಲಿಲ್ಲ. ಸದರಿ ಛಾಯಾಚಿತ್ರದಲ್ಲಿ ಮೊದಲು ಇದ್ದವನು, ನಂತರ ಇಲ್ಲದವನು ಮತ್ತು ಆನಂತರ ಇದ್ದವನು, ಈ ಮೂವರಲ್ಲಿ ಯಾರೂ ನಾನಲ್ಲ.

ಅಮಸಿದ್ದಪ್ಪನವರು ಪೆನ್ನು ತೆಗೆದುಕೊಂಡರು. ಮನೆಯ ಬಾಡಿಗೆ, ಮಕ್ಕಳ ಶಾಲೆ, ನಿವೃತ್ತಿಗೆ ಉಳಿದ ಒಂಬತ್ತು ವರ್ಷ ಎಲ್ಲ ಕಣ್ಣ ಮುಂದೆ ಒಂದರ ಹಿಂದೊಂದು ಹಾದುಹೋದವು. ಸಹಿ ಮಾಡಿದರು. ಸಹಿ ಚೆನ್ನಾಗಿಯೇ ಬಂತು.

ಈರಪ್ಪ ಮಸಿಯ ಡಬ್ಬಿಯನ್ನು ಯಮನಪ್ಪನ ಮುಂದೆ ಹಿಡಿದ. ಅವನು ಡಬ್ಬಿ ನೋಡಲಿಲ್ಲ, ಅಣ್ಣನ ಮಗನನ್ನು ನೋಡಿದ.

"ಲೇ ಅಮಸಿದ್ದಾ, ನೀ ಇದ್ದಿಯೋ, ಇರಲಿಲ್ಲೋ?"

ಸಾಹೇಬರು ಕೆಮ್ಮಿದರು.

"ಇರಲಿಲ್ಲ ಕಾಕಾ."

"ಕಂಬಳಿ ಒಯ್ದಾಂವ?"

"ಅಂವ ನಾನಲ್ಲ."

ಯಮನಪ್ಪ ಹೆಬ್ಬೆಟ್ಟನ್ನು ಮಸಿಯಲ್ಲಿ ಅದ್ದಿ, ತೋರಿಸಿದ ಕಡೆ ಬಲವಾಗಿ ಒತ್ತಿದ. ಸಾಹೇಬರು ಒರೆಸಿಕೊಳ್ಳಲು ಚಿಂದಿ ಹುಡುಕತೊಡಗಿದರು. ಅವನು ಕಾಯಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅಮಸಿದ್ದಪ್ಪನವರ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಎದೆಯ ಮೇಲೆ ಹೆಬ್ಬೆಟ್ಟನ್ನು ಎರಡು ಸಲ, ಅವಸರವಿಲ್ಲದೆ, ಚೊಕ್ಕವಾಗಿ ಒರೆಸಿದ.

"ಕಾಕಾ! ಅಂಗಿ!"

"ಯಾರ ಅಂಗಿ?" ಎಂದ ಯಮನಪ್ಪ. "ಇಲ್ಲಿ ಯಾರದಾರ?"

ಅಮಸಿದ್ದಪ್ಪನವರು ಬಾಯಿ ತೆರೆದರು. ಸಾಹೇಬರು ಅವರನ್ನೇ ನೋಡುತ್ತಿದ್ದರು. ಮೇಜಿನ ಮೇಲೆ ಸಹಿ ಇನ್ನೂ ಹಸಿಯಾಗಿತ್ತು. ಅವರು ಬಾಯಿ ಮುಚ್ಚಿಕೊಂಡರು.